ಸಮಾಜ ಕಾರ್ಯಕರ್ತರ ನಿಗಾದಲ್ಲಿರುವ ಮಗುವಿಗೆ ಶಾಲೆ ಆಸರೆಯಾಗುವ ಬಗೆ

ಬಾಲಮಂದಿರದಿಂದ ಬರುವ ಹುಡುಗಿ, ತಂದೆ ತೀರಿಕೊಂಡ ಮೇಲೆ ಪ್ರಾಯೋಜಕತ್ವ ಯೋಜನೆಯಡಿ ತಿಂಗಳ ನೆರವು ಪಡೆಯುತ್ತಿರುವ ಹುಡುಗ, ಗ್ಯಾರೇಜಿನ ದುಡಿಮೆಯಿಂದ ಬಿಡಿಸಿ ಮತ್ತೆ ತರಗತಿಗೆ ಸೇರಿಸಲಾದವನು, ನಿಶ್ಚಯವಾಗಿದ್ದ ಮದುವೆ ನಿಂತು ಶಾಲೆಗೆ ಮರಳಿದವಳು, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಪ್ರಕರಣದಲ್ಲಿ ನ್ಯಾಯಾಲಯಕ್ಕೆ ಹೋಗಿಬರಬೇಕಾದ ಮಗು: ಇಂಥ ಮಕ್ಕಳು ಕರ್ನಾಟಕದ ಹಳ್ಳಿ, ಪಟ್ಟಣಗಳ ಶಾಲೆಗಳಲ್ಲಿ ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚಾಗಿಯೇ ಇರುತ್ತಾರೆ. ಇವರ ಹೆಸರಿನಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಆದೇಶವೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಡತವೋ ಇದ್ದು, ಅದನ್ನು ನೋಡಿಕೊಳ್ಳುವ ಸಮಾಜ ಕಾರ್ಯಕರ್ತರೊಬ್ಬರು ಇರುತ್ತಾರೆ. ಮಗುವಿನ ಬದುಕಿನಲ್ಲಿ ಏನಾಯಿತೆಂದು ವಿಚಾರಿಸಲು ಪೊಲೀಸರು, ಸಮಿತಿ, ವೈದ್ಯರು, ಆಪ್ತಸಮಾಲೋಚಕರು ಹೀಗೆ ಬೇಕಾದಷ್ಟು ಜನರಿದ್ದಾರೆ. ಅದಕ್ಕೆ ದಿನವೂ ಪಾಠ ಹೇಳಿಕೊಡಲು ಇರುವುದು ಶಾಲೆಯೊಂದೇ. ಆದ್ದರಿಂದ ಶಾಲೆ ಇನ್ನೊಂದು ವಿಚಾರಣಾ ಕಚೇರಿಯಾಗದೆ, ಮಗುವಿನ ದಿನಚರಿ ಮತ್ತು ಕಲಿಕೆ ಕೆಡದಂತೆ ಕಾಯುವ ಜಾಗವಾಗಬೇಕು. ಮುಖ್ಯ ಶಿಕ್ಷಕರು ಮತ್ತು ತರಗತಿ ಶಿಕ್ಷಕರು ಆ ದಿಕ್ಕಿನಲ್ಲಿ ಏನೇನು ಮಾಡಬಹುದೆಂಬುದನ್ನು ಮುಂದೆ ವಿವರಿಸಲಾಗಿದೆ.

ಕಡತದ ಆ ಬದಿಯಲ್ಲಿರುವವರು

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015ರ ಪ್ರಕಾರ ಪ್ರತಿ ಜಿಲ್ಲೆಗೆ ಕನಿಷ್ಠ ಒಂದು ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಪೀಠಕ್ಕಿರುವ ಅಧಿಕಾರವಿದೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು ಸಿಕ್ಕಾಗ, ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಅದನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಮೊದಲ ಹಾಜರಾತಿಯಿಂದ ನಾಲ್ಕು ತಿಂಗಳೊಳಗೆ ಸಮಿತಿ ಅಂತಿಮ ಆದೇಶ ನೀಡಬೇಕು. ಈ ಗಡುವುಗಳನ್ನು ಶಿಕ್ಷಕರು ತಿಳಿದಿರುವುದು ಒಳ್ಳೆಯದು, ಏಕೆಂದರೆ ಒಂದು ಶೈಕ್ಷಣಿಕ ವರ್ಷದಲ್ಲಿ ನಾಲ್ಕು ತಿಂಗಳೆಂದರೆ ಹೆಚ್ಚುಕಡಿಮೆ ಅರ್ಧ ಪಠ್ಯ, ಮತ್ತು ಆ ಅವಧಿಯುದ್ದಕ್ಕೂ ತಾನು ಎಲ್ಲಿ ಉಳಿಯುತ್ತೇನೆಂಬುದೇ ಮಗುವಿಗೆ ಗೊತ್ತಿರುವುದಿಲ್ಲ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿ ಕೆಲಸ ಮಾಡುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ, ಸಾಂಸ್ಥಿಕ ಮತ್ತು ಅಸಾಂಸ್ಥಿಕ ಸೇವೆಗಳಿಗೆ ಬೇರೆ ಬೇರೆ ರಕ್ಷಣಾಧಿಕಾರಿಗಳು, ಕಾನೂನು ಮತ್ತು ಪರಿವೀಕ್ಷಣಾಧಿಕಾರಿ, ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು ಮತ್ತು ಕ್ಷೇತ್ರ ಕಾರ್ಯಕರ್ತರು ಇರುತ್ತಾರೆ. ಮಗು ಬಾಲಮಂದಿರದಲ್ಲಿದ್ದರೆ ಅಲ್ಲಿನ ಅಧೀಕ್ಷಕರೇ ಶಾಲೆಯ ಪಾಲಿಗೆ ಪೋಷಕರ ಸ್ಥಾನದಲ್ಲಿರುವವರು. ಮನೆಯಲ್ಲೇ ಇದ್ದು ಪ್ರಾಯೋಜಕತ್ವದ ನೆರವು ಪಡೆಯುವ ಮಗುವಾದರೆ ಅಸಾಂಸ್ಥಿಕ ರಕ್ಷಣಾಧಿಕಾರಿಯ ಕಡೆಯ ಸಮಾಜ ಕಾರ್ಯಕರ್ತರು ಮನೆಗೂ ಶಾಲೆಗೂ ಭೇಟಿ ಕೊಡುತ್ತಾರೆ. ಪೋಕ್ಸೊ ಪ್ರಕರಣವಾದರೆ, ಇವರಲ್ಲದೆ, ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರಲು ಸಮಿತಿ ನೇಮಿಸಿದ ಬೆಂಬಲ ವ್ಯಕ್ತಿ ಇರಬಹುದು. ಒಬ್ಬ ಸಮಾಜ ಕಾರ್ಯಕರ್ತರ ಮೇಲೆ ಇಡೀ ಜಿಲ್ಲೆಯ ಓಡಾಟದ ಹೊರೆ ಇರುವುದರಿಂದ ಅವರು ತಾವಾಗಿಯೇ ಶಾಲೆಗೆ ಬರಲಿ ಎಂದು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ಮಗು ದಾಖಲಾದ ಮೊದಲ ವಾರದಲ್ಲೇ ಅವರ ಹೆಸರು, ಹುದ್ದೆ, ದೂರವಾಣಿ ಸಂಖ್ಯೆಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ಶಾಲೆಯಲ್ಲಿ ಒಬ್ಬರು ಹೊಣೆಗಾರರು

ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತದ ಆಸರೆಯಲ್ಲಿ ಬೆಳೆಯುವ ಮಕ್ಕಳ ಶಿಕ್ಷಣವನ್ನು ಗಮನಿಸಲೆಂದೇ ಪ್ರತಿಯೊಂದು ಆಡಳಿತದಲ್ಲೂ ಒಬ್ಬ ಅಧಿಕಾರಿ ಇರಬೇಕೆಂದು 2014ರಲ್ಲಿ ಕಾನೂನು ಮಾಡಲಾಯಿತು. 2021ರಲ್ಲಿ ಆ ಅಧಿಕಾರಿಯ ಕೆಲಸವನ್ನು ಸಮಾಜ ಕಾರ್ಯಕರ್ತರಿರುವ ಎಲ್ಲ ಮಕ್ಕಳಿಗೂ ವಿಸ್ತರಿಸಲಾಯಿತು. ಅಂಥ ಹುದ್ದೆ ನಮ್ಮ ವ್ಯವಸ್ಥೆಯಲ್ಲಿಲ್ಲ. ಇಲ್ಲಿ ಮಗುವಿನ ರಕ್ಷಣೆ ಒಂದು ಇಲಾಖೆಯ ಕೆಲಸ, ಓದು ಇನ್ನೊಂದು ಇಲಾಖೆಯ ಕೆಲಸ. ಇವೆರಡರ ನಡುವಿನ ಕೊಂಡಿಯನ್ನು ಶಾಲೆಯ ಮಟ್ಟದಲ್ಲಿ ನಾವೇ ಕಟ್ಟಿಕೊಳ್ಳಬೇಕಾಗಿದೆ.

ಅದಕ್ಕೆ ಮುಖ್ಯ ಶಿಕ್ಷಕರು ಒಬ್ಬ ಶಿಕ್ಷಕರನ್ನು ಗೊತ್ತುಮಾಡಬೇಕು. ಮಗುವಿನ ಒಲವು ಯಾರ ಕಡೆಗಿದೆಯೋ ಅವರನ್ನೇ ಆರಿಸುವುದು ಉತ್ತಮ. ಹಿರಿತನದ ಪಟ್ಟಿ ನೋಡಿ ಆರಿಸಿದರೆ ಹೆಸರಿಗಷ್ಟೇ ಒಬ್ಬರು ಇದ್ದಂತಾಗುತ್ತದೆ. ಸಮಾಜ ಕಾರ್ಯಕರ್ತರೊಂದಿಗಿನ ಮಾತು, ಸಮಿತಿಗೆ ಹೋಗಬೇಕಾದ ಪತ್ರ, ಮಗುವಿನ ಟಿಪ್ಪಣಿ ಪುಸ್ತಕ, ಎಲ್ಲವೂ ಆ ಒಬ್ಬರ ಮೂಲಕವೇ ನಡೆಯಬೇಕು. ಇದರಿಂದ ಮಗುವಿಗೆ ಒಂದು ದೊಡ್ಡ ಉಪಕಾರವಾಗುತ್ತದೆ: ತನ್ನ ಕಥೆಯನ್ನು ಹೊಸ ಹೊಸ ಮುಖಗಳ ಮುಂದೆ ಮೊದಲಿನಿಂದ ಹೇಳುವ ಪ್ರಸಂಗ ಶಾಲೆಯಲ್ಲಾದರೂ ತಪ್ಪುತ್ತದೆ. ಆ ಶಿಕ್ಷಕರಿಗೆ ವರ್ಗಾವಣೆಯಾದರೆ ಹೊಣೆಯನ್ನು ಇನ್ನೊಬ್ಬರಿಗೆ ಕ್ರಮವಾಗಿ ಒಪ್ಪಿಸಿ, ಮಗುವಿಗೂ ಅದನ್ನು ಮುಂಚಿತವಾಗಿ ತಿಳಿಸಬೇಕು. ಹೇಳದೆ ಕೇಳದೆ ದೊಡ್ಡವರು ಮಾಯವಾಗುವುದನ್ನು ಈ ಮಕ್ಕಳು ಈಗಾಗಲೇ ಸಾಕಷ್ಟು ಕಂಡಿದ್ದಾರೆ.

ದಾಖಲಾತಿ: ಕಾಗದಕ್ಕಾಗಿ ಮಗು ಕಾಯಬಾರದು

ರಕ್ಷಿಸಲ್ಪಟ್ಟ ಮಗುವಿನ ಕೈಯಲ್ಲಿ ಸಾಮಾನ್ಯವಾಗಿ ಯಾವ ಕಾಗದವೂ ಇರುವುದಿಲ್ಲ. ಟಿಸಿ ಯಾದಗಿರಿಯ ಹಳ್ಳಿಯ ಶಾಲೆಯಲ್ಲಿರುತ್ತದೆ, ಆಧಾರ್ ಕಾರ್ಡು ಇಟ್ಟಿಗೆ ಗೂಡಿನ ಮೇಸ್ತ್ರಿಯ ಬಳಿ ಇರುತ್ತದೆ, ಜನನ ಪ್ರಮಾಣಪತ್ರ ಎಂದೂ ಮಾಡಿಸಿರುವುದಿಲ್ಲ. ಇಂಥ ಸಂದರ್ಭದಲ್ಲಿ ದಾಖಲೆ ತಂದ ಮೇಲೆ ಬನ್ನಿ ಎಂದು ಹೇಳಿ ಕಳುಹಿಸುವುದು ಕಾನೂನಿಗೆ ವಿರುದ್ಧ. ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 14 ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವುದನ್ನು ನಿಷೇಧಿಸುತ್ತದೆ. ಸೆಕ್ಷನ್ 5ರ ಪ್ರಕಾರ ಟಿಸಿ ತರುವುದು ತಡವಾಯಿತೆಂದು ಪ್ರವೇಶವನ್ನು ತಡೆಹಿಡಿಯುವಂತಿಲ್ಲ, ಹಾಗೆಯೇ ಟಿಸಿ ಕೊಡಲು ವಿಳಂಬ ಮಾಡುವ ಮುಖ್ಯ ಶಿಕ್ಷಕರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಶಾಲೆಯಿಂದ ಹೊರಗುಳಿದಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು ಸೆಕ್ಷನ್ 4 ಹೇಳುತ್ತದೆ. ಆದ್ದರಿಂದ ಮೊದಲು ಮಗುವನ್ನು ಕೂರಿಸಿಕೊಂಡು, ಸಮಿತಿಯ ಆದೇಶದ ಪ್ರತಿಯನ್ನು ಕಡತಕ್ಕೆ ಸೇರಿಸಿ, ಹಿಂದಿನ ಶಾಲೆಯಿಂದ ಬರಬೇಕಾದದ್ದನ್ನು ಶಾಲೆಯೇ ತರಿಸಿಕೊಳ್ಳುವುದು ಸರಿಯಾದ ಕ್ರಮ.

ರಾಜ್ಯದೊಳಗಿನ ಮಗುವಾದರೆ ಸ್ಯಾಟ್ಸ್ (ವಿದ್ಯಾರ್ಥಿಗಳ ದಾಖಲೆಯ ರಾಜ್ಯ ಗಣಕ ವ್ಯವಸ್ಥೆ) ಸಂಖ್ಯೆಯ ಮೂಲಕ ಹಿಂದಿನ ಶಾಲೆ, ತರಗತಿಗಳ ವಿವರ ಸಿಗುತ್ತದೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಹಿಂದಿನ ಊರಿನ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಅಂದರೆ ಸಿಆರ್‌ಪಿಗೆ ಮಾಡುವ ಒಂದು ಕರೆ ಹತ್ತು ಪತ್ರಗಳಿಗಿಂತ ಬೇಗ ಕೆಲಸ ಮಾಡುತ್ತದೆ. ಹಳೆಯ ಸಂಖ್ಯೆ ಹುಡುಕದೆ ಅವಸರದಲ್ಲಿ ಹೊಸ ದಾಖಲಾತಿ ಮಾಡಿದರೆ ಒಂದೇ ಮಗುವಿಗೆ ಎರಡು ದಾಖಲೆಗಳಾಗಿ, ಎಸ್ಸೆಸ್ಸೆಲ್ಸಿ ನೋಂದಣಿಯ ಹೊತ್ತಿಗೆ ಹೆಸರು, ಜನ್ಮದಿನಾಂಕಗಳ ತೊಡಕು ಎದುರಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ನಿಲ್ಲುವುದರಿಂದ, ಒಂಬತ್ತು ಮತ್ತು ಹತ್ತನೇ ತರಗತಿಗೆ ವರ್ಷದ ನಡುವೆ ಬಂದ ಮಗುವಿನ ವಿಷಯವನ್ನು ಸಮಿತಿಯ ಆದೇಶದೊಂದಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಕೂಡಲೇ ಲಿಖಿತವಾಗಿ ತಿಳಿಸಿ ಮಾರ್ಗದರ್ಶನ ಪಡೆಯಬೇಕು.

ನಡುವರ್ಷದಲ್ಲಿ ಬಂದ ಮಗುವಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ ಮುಗಿದುಹೋಗಿರುತ್ತವೆ. ಹಿಂದಿನ ವರ್ಷದ ಮಕ್ಕಳಿಂದ ಮರಳಿ ಪಡೆದ ಪುಸ್ತಕಗಳ ಒಂದು ಕಟ್ಟು, ಬೇರೆ ಬೇರೆ ಅಳತೆಯ ಎರಡು ಮೂರು ಜೊತೆ ಸಮವಸ್ತ್ರ ಕಚೇರಿಯ ಬೀರುವಿನಲ್ಲಿ ಸದಾ ಇರಲಿ. ಎಲ್ಲರೂ ನೀಲಿ ಬಟ್ಟೆಯಲ್ಲಿರುವಾಗ ಒಬ್ಬಳೇ ಬಣ್ಣದ ಬಟ್ಟೆಯಲ್ಲಿ ತಿಂಗಳುಗಟ್ಟಲೆ ಕೂತರೆ, ಅವಳ ಕಥೆಯನ್ನು ಯಾರೂ ಹೇಳದಿದ್ದರೂ ಊರಿಗೆಲ್ಲ ತಿಳಿದುಬಿಡುತ್ತದೆ.

ಯಾರಿಗೆ ಎಷ್ಟು ತಿಳಿದಿರಬೇಕು

ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಇಂಥ ಮಗುವಿನ ಹೆಸರು, ವಿಳಾಸ, ಶಾಲೆ ಸೇರಿದಂತೆ ಗುರುತು ಬಯಲಾಗುವ ಯಾವುದೇ ವಿವರವನ್ನು ಪತ್ರಿಕೆಯಲ್ಲಾಗಲಿ ಇತರ ಸಂವಹನ ಮಾಧ್ಯಮದಲ್ಲಾಗಲಿ ಪ್ರಕಟಿಸುವುದನ್ನು ನಿಷೇಧಿಸಿ, ಆರು ತಿಂಗಳವರೆಗಿನ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಶಾಲೆಯ ವಾಟ್ಸ್ಆ್ಯಪ್ ಗುಂಪು ಖಾಸಗಿ ಜಗಲಿಯೆಂದು ಭಾವಿಸುವ ಶಿಕ್ಷಕರು ಈ ಮಾತನ್ನು ಎರಡು ಸಲ ಓದಬೇಕು. ಸ್ವಾತಂತ್ರ್ಯ ದಿನಾಚರಣೆಯಂದು ದಾನಿಗಳು ಬ್ಯಾಗು, ನೋಟ್‌ಬುಕ್ ಹಂಚುವಾಗ ಬಾಲಮಂದಿರದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು, ಅದನ್ನು ಮರುದಿನದ ಪತ್ರಿಕೆಗೆ ಕಳುಹಿಸುವ ಪದ್ಧತಿ ಎಷ್ಟೋ ಕಡೆ ಇನ್ನೂ ಇದೆ. ದಾನಿಗಳ ಔದಾರ್ಯದ ಮೇಲೆ ಗೌರವವಿಟ್ಟುಕೊಂಡೇ ಅದನ್ನು ನಿಲ್ಲಿಸಬೇಕು; ವಸ್ತುಗಳನ್ನು ಕಚೇರಿಯಲ್ಲಿ ಪಡೆದು, ಆಮೇಲೆ ಇತರ ಮಕ್ಕಳಿಗೆ ಕೊಟ್ಟಂತೆಯೇ ಕೊಡಬಹುದು.

ಶಾಲೆಯೊಳಗೂ ಮಾಹಿತಿಗೆ ಮಿತಿ ಇರಬೇಕು. ಮುಖ್ಯ ಶಿಕ್ಷಕರಿಗೂ ಹೊಣೆಗಾರ ಶಿಕ್ಷಕರಿಗೂ ಪ್ರಕರಣದ ಸ್ವರೂಪ ತಿಳಿದಿರಬೇಕಾಗುತ್ತದೆ. ವಿಷಯ ಶಿಕ್ಷಕರಿಗೆ ಬೇಕಾದದ್ದು ಇಷ್ಟೇ: ಈ ಮಗುವಿಗೆ ಕೆಲವು ದಿನ ರಜೆ ಬೇಕಾಗಬಹುದು, ಕಳೆದ ವರ್ಷದ ಗಣಿತ ತಪ್ಪಿಹೋಗಿದೆ, ಹಿಂದಿನಿಂದ ಬಂದು ಭುಜ ಮುಟ್ಟಿದರೆ ಬೆಚ್ಚಿಬೀಳುತ್ತದೆ. ಯಾರು, ಎಲ್ಲಿ, ಏನು ಎಂಬ ವಿವರ ಅವರಿಗೆ ಬೇಕಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಅದೇ ಊರಿನವರಾಗಿರುವುದರಿಂದ, ಕೆಲವೊಮ್ಮೆ ಆರೋಪಿಯ ನೆಂಟರೂ ಆಗಿರುವ ಸಾಧ್ಯತೆ ಇರುವುದರಿಂದ, ಅವರ ಸಭೆಯಲ್ಲಿ ಯಾವ ಮಗುವಿನ ಪ್ರಕರಣವನ್ನೂ ಹೆಸರಿಟ್ಟು ಚರ್ಚಿಸಬಾರದು. ಆದೇಶದ ಪ್ರತಿಗಳು ಬೀಗ ಹಾಕಿದ ಕಪಾಟಿನಲ್ಲಿರಬೇಕು. ದಾಖಲಾತಿ ವಹಿಯ ಷರಾ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ ಪೋಕ್ಸೊ ಎಂದು ಬರೆದಿಡುವುದು ಆ ಹುಡುಗಿ ಬದುಕಿರುವವರೆಗೂ ಅವಳನ್ನು ಹಿಂಬಾಲಿಸುವ ಕೆಲಸ.

ತರಗತಿಯಲ್ಲಿ

ಹೊಸದಾಗಿ ಬಂದ ಮಗುವನ್ನು ಎಲ್ಲರೆದುರು ನಿಲ್ಲಿಸಿ ಅಪ್ಪನ ಹೆಸರು, ಅಪ್ಪನ ಕೆಲಸ, ಊರು ಕೇಳುವುದು ನಮ್ಮ ಶಾಲೆಗಳಲ್ಲಿ ಸಹಜವೆಂಬಂತೆ ನಡೆದುಬಂದಿದೆ. ತಂದೆ ಜೈಲಿನಲ್ಲಿರುವ, ತಂದೆ ಯಾರೆಂದು ಗೊತ್ತಿಲ್ಲದ, ಅಥವಾ ತಂದೆಯ ವಿರುದ್ಧವೇ ದೂರು ಕೊಟ್ಟಿರುವ ಮಗುವಿಗೆ ಆ ಮೊದಲ ಪ್ರಶ್ನೆಯಲ್ಲೇ ಶಾಲೆ ಬೇಡವೆನಿಸುತ್ತದೆ. ಹೆಸರೊಂದನ್ನೇ ಕೇಳಿ, ಮೃದು ಸ್ವಭಾವದ ಒಬ್ಬ ಸಹಪಾಠಿಯ ಪಕ್ಕ ಜಾಗ ಕೊಟ್ಟು, ಶೌಚಾಲಯ ಎಲ್ಲಿದೆ, ಬಿಸಿಯೂಟಕ್ಕೆ ತಟ್ಟೆ ಎಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನು ತೋರಿಸಿದರೆ ಮೊದಲ ದಿನಕ್ಕೆ ಸಾಕು. ಬಾಲಮಂದಿರದವರು ಕೈ ಎತ್ತಿ, ಯೋಜನೆಯ ದುಡ್ಡು ಬರುವವರು ಎದ್ದು ನಿಲ್ಲಿ ಎಂಬಂಥ ಮಾತುಗಳನ್ನು ಶಾಲೆಯಿಂದ ಪೂರ್ತಿಯಾಗಿ ತೆಗೆದುಹಾಕಬೇಕು.

ಈ ಮಕ್ಕಳ ನಡವಳಿಕೆ ಕೆಲವೊಮ್ಮೆ ಕಷ್ಟ ಕೊಡುತ್ತದೆ. ಕೂಗಾಡುವವರಿದ್ದಾರೆ, ಇತರರ ತಿಂಡಿ ಕದಿಯುವವರಿದ್ದಾರೆ, ದಿನವಿಡೀ ಬಾಯಿ ಬಿಡದವರೂ ಇದ್ದಾರೆ; ಬಾಯಿ ಬಿಡದವರನ್ನು ಒಳ್ಳೆಯ ಮಕ್ಕಳೆಂದುಕೊಂಡು ಮರೆತುಬಿಡುವ ಅಪಾಯವೇ ಹೆಚ್ಚು. ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ಎಲ್ಲ ಮಕ್ಕಳ ವಿಷಯದಲ್ಲೂ ನಿಷೇಧಿಸಿದೆ. ಇವರ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. “ಸಮಿತಿಯವರಿಗೆ ಹೇಳುತ್ತೇನೆ”, “ನಿನ್ನನ್ನು ಮತ್ತೆ ಬಾಲಮಂದಿರಕ್ಕೆ ಕಳಿಸಿಬಿಡುತ್ತೇನೆ” ಎಂಬ ಬೆದರಿಕೆ ಯಾವ ಕೋಪದಲ್ಲೂ ಬಾಯಿಂದ ಬರಬಾರದು, ಏಕೆಂದರೆ ಆ ಮಾತು ಒಮ್ಮೆ ಕಿವಿಗೆ ಬಿದ್ದ ಮೇಲೆ ಮಗು ಸಮಾಜ ಕಾರ್ಯಕರ್ತರ ಮುಂದೆಯೂ ನಿಜ ಹೇಳುವುದಿಲ್ಲ. ನಿಯಮಗಳು ಇತರರಿಗಿರುವಂತೆಯೇ ಇರಲಿ. ಕೋಪ ಇಳಿಯುವವರೆಗೆ ಹೊಣೆಗಾರ ಶಿಕ್ಷಕರ ಬಳಿ ಹೋಗಿ ಕೂರಲು ಅನುಮತಿ ಇರಲಿ. ನಡವಳಿಕೆಯ ಹಿಂದೆ ಆಳವಾದ ನೋವು ಕಾಣಿಸಿದರೆ ಘಟಕದ ಆಪ್ತಸಮಾಲೋಚಕರಿಗೆ ತಿಳಿಸಬೇಕು. ಸಂಕಷ್ಟದಲ್ಲಿರುವ ಮಕ್ಕಳೊಂದಿಗೆ ಕೆಲಸ ಮಾಡುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂವಾದ್ ಯೋಜನೆ ತರಬೇತಿ ಸಾಮಗ್ರಿ ಸಿದ್ಧಪಡಿಸಿದೆ. 14416 ಸಂಖ್ಯೆಯ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಗೆ ಶಿಕ್ಷಕರೂ ಕರೆ ಮಾಡಿ ಸಲಹೆ ಕೇಳಬಹುದು.

ಕಲಿಕೆಯ ಕೆಲಸ

“ಪಾಪ, ಅದಕ್ಕೆ ಇರುವ ಕಷ್ಟದಲ್ಲಿ ಓದು ಎಲ್ಲಿ ಹತ್ತುತ್ತದೆ” ಎಂಬ ಮರುಕ ಶಿಕ್ಷಕರ ಕೊಠಡಿಯಲ್ಲಿ ಬಹಳ ಬೇಗ ಹುಟ್ಟುತ್ತದೆ. ಅದರ ಹಿಂದಿರುವುದು ಒಳ್ಳೆಯ ಮನಸ್ಸೇ ಆದರೂ ಅದರಿಂದಾಗುವ ಹಾನಿ ದೊಡ್ಡದು. ಹಿಂದಿನ ಬೆಂಚಿನಲ್ಲಿ ಕೂರಿಸಿ, ಪ್ರಶ್ನೆ ಕೇಳದೆ, ನೋಟ್‌ಬುಕ್ ತಿದ್ದದೆ ಬಿಟ್ಟ ಮಗುವಿಗೆ ತನ್ನ ಬಗ್ಗೆ ಯಾರಿಗೂ ನಿರೀಕ್ಷೆಯಿಲ್ಲವೆಂಬುದು ವಾರದೊಳಗೆ ಅರ್ಥವಾಗುತ್ತದೆ. ಹದಿನೆಂಟು ತುಂಬಿದ ಮೇಲೆ ಈ ಮಗುವಿನ ಹಿಂದೆ ಆಸ್ತಿ, ಮನೆತನ, ಶಿಫಾರಸು ಯಾವುದೂ ಇರುವುದಿಲ್ಲ. ಕೈಯಲ್ಲಿರುವ ಅಂಕಪಟ್ಟಿಯೇ ಅದರ ಬಂಡವಾಳ. ಹೀಗಾಗಿ ಶಾಲೆಯ ಮಟ್ಟಿಗೆ ರಕ್ಷಣೆಯ ಕೆಲಸವೆಂದರೆ ಬಹುಪಾಲು ಕಲಿಸುವ ಕೆಲಸವೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಎರಡು ವಾರಗಳಲ್ಲಿ ಪರೀಕ್ಷೆಯೆಂದು ಹೆಸರಿಡದೆ ಮಗುವಿಗೆ ಏನು ಬರುತ್ತದೆಂದು ನೋಡಿಕೊಳ್ಳಬೇಕು: ಒಂದು ಪುಟ ಓದಿಸುವುದು, ನಾಲ್ಕು ಸಾಲು ಬರೆಸುವುದು, ಕೂಡುವ ಕಳೆಯುವ ಲೆಕ್ಕದಿಂದ ಭಾಗಾಕಾರದವರೆಗೆ ಎಲ್ಲಿ ನಿಲ್ಲುತ್ತದೆಂದು ಗುರುತಿಸುವುದು. ಏಳನೇ ತರಗತಿಯ ಹುಡುಗನಿಗೆ ಮೂರನೇ ತರಗತಿಯ ಓದು ಮಾತ್ರ ಬಂದರೆ ಏಳನೆಯ ಪಾಠವನ್ನೇ ಮತ್ತೆ ಮತ್ತೆ ಹೇಳುವುದರಿಂದ ಪ್ರಯೋಜನವಿಲ್ಲ. ದಿನಕ್ಕೆ ಅರ್ಧ ಗಂಟೆ ಬೇರೆಯಾಗಿ ಕೂರಿಸಿಕೊಂಡು ಓದಿಸುವ ವ್ಯವಸ್ಥೆ ಬೇಕು. ಆದರೆ ಅವನನ್ನು ಚಿಕ್ಕ ತರಗತಿಯಲ್ಲಿ ಕೂರಿಸಬಾರದು. ಚಿಕ್ಕ ತರಗತಿಗಳ ನಲಿ-ಕಲಿಯ ಓದುವ ಸಾಮಗ್ರಿಯನ್ನು ದೊಡ್ಡ ಮಕ್ಕಳಿಗೂ ಗುಟ್ಟಾಗಿ ಬಳಸಬಹುದು, ಅವರ ಸ್ವಾಭಿಮಾನಕ್ಕೆ ಪೆಟ್ಟಾಗದಂತೆ. ಗ್ಯಾರೇಜಿನಲ್ಲೋ ಹೋಟೆಲಿನಲ್ಲೋ ದುಡಿದು ಬಂದವನಿಗೆ ಚಿಲ್ಲರೆ ಲೆಕ್ಕ, ಅಳತೆ, ತೂಕ ಬೆರಳ ತುದಿಯಲ್ಲಿರುತ್ತವೆ. ಗಣಿತವನ್ನು ಅಲ್ಲಿಂದ ಎತ್ತಿಕೊಂಡರೆ ಅವನು ತರಗತಿಯ ಜಾಣನೂ ಆಗಬಲ್ಲ.

ಭಾಷೆಯ ವಿಷಯದಲ್ಲಿ ವಿಶೇಷ ಗಮನ ಬೇಕು. ಕಲಬುರಗಿ, ರಾಯಚೂರು ಕಡೆಯಿಂದ ದುಡಿಮೆಗೆ ವಲಸೆ ಬಂದ ಕುಟುಂಬದ ಮಗು ಬೆಂಗಳೂರಿನ ಶಾಲೆಯಲ್ಲಿ ಬಾಯಿ ತೆರೆದಾಗ ಉಳಿದವರು ನಗುವುದನ್ನು ಶಿಕ್ಷಕರು ನಕ್ಕು ಮರೆಯುವಂತಿಲ್ಲ. ಬಿಹಾರ, ಒಡಿಶಾಗಳಿಂದ ಬಂದು ಇಲ್ಲಿ ರಕ್ಷಿಸಲ್ಪಟ್ಟ ಮಗುವಿಗೆ ಕನ್ನಡ ಬಾರದಿರುವುದನ್ನು ದಡ್ಡತನವೆಂದು ಎಣಿಸದೆ, ಅದು ತವರು ರಾಜ್ಯಕ್ಕೆ ಮರಳುವ ಸಾಧ್ಯತೆ ಇದೆಯೇ ಎಂದು ಸಮಾಜ ಕಾರ್ಯಕರ್ತರಲ್ಲಿ ವಿಚಾರಿಸಿಕೊಂಡು ಕಲಿಸುವ ಕ್ರಮವನ್ನು ನಿರ್ಧರಿಸಬೇಕು.

ಬಾಲಮಂದಿರದ ಒಂದೇ ಸಭಾಂಗಣದಲ್ಲಿ ನಾನಾ ವಯಸ್ಸಿನ ಮಕ್ಕಳು ಕೂತು ಓದಬೇಕಾದ ಸ್ಥಿತಿಯಲ್ಲಿ ಮನೆಗೆಲಸ ಮುಗಿಯದಿರುವುದು ಸೋಮಾರಿತನವಲ್ಲ. ಹತ್ತನೇ ತರಗತಿಯವರಿಗೆ ಸಂಜೆ ಒಂದು ಗಂಟೆ ಶಾಲೆಯಲ್ಲೇ ಓದಿಕೊಳ್ಳಲು ಅವಕಾಶ ಕೊಡಬಹುದೇ, ಮರಳಿ ಕರೆದೊಯ್ಯುವವರು ಯಾರು ಎಂಬುದನ್ನು ಅಧೀಕ್ಷಕರೊಂದಿಗೆ ಮಾತಾಡಿ ನಿಶ್ಚಯಿಸಿಕೊಳ್ಳಬೇಕು. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದು ಈ ಮಕ್ಕಳಿಗೆ ದೊಡ್ಡ ಅನುಕೂಲ: ಪರೀಕ್ಷೆ ಒಂದರ ಹೊತ್ತಿಗೆ ಸ್ಥಳ ಬದಲಾಗಿ ಓದು ಕೆಟ್ಟರೆ ಮುಂದಿನ ಪರೀಕ್ಷೆಗೆ ಸಿದ್ಧಪಡಿಸಬಹುದು. ಆ ಅವಕಾಶ ಇದೆಯೆಂದು ಮಗುವಿಗೂ ಸಮಾಜ ಕಾರ್ಯಕರ್ತರಿಗೂ ಹೇಳಿ, ಅರ್ಜಿಯ ದಿನಾಂಕವನ್ನು ಶಾಲೆಯೇ ನೆನಪಿಟ್ಟುಕೊಳ್ಳಬೇಕು.

ಹಾಜರಾತಿ ಮತ್ತು ಟಿಪ್ಪಣಿ

ಇತರ ಮಕ್ಕಳು ಒಂದು ದಿನ ಬಾರದಿದ್ದರೆ ಮರುದಿನ ಕೇಳಿದರೂ ನಡೆಯುತ್ತದೆ. ಈ ಮಕ್ಕಳ ಗೈರನ್ನು ಅದೇ ದಿನ ಬೆಳಿಗ್ಗೆಯೇ ವಿಚಾರಿಸಬೇಕು, ಏಕೆಂದರೆ ಮದುವೆ, ಮತ್ತೆ ದುಡಿಮೆ, ಊರು ಬಿಡಿಸುವುದು, ಮೂರೂ ಶಾಲೆ ತಪ್ಪಿಸುವುದರಿಂದಲೇ ಶುರುವಾಗುತ್ತವೆ. ಕಾರಣವಿಲ್ಲದೆ ಸತತ ಏಳು ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದು ಪರಿಗಣಿಸುವ ಕ್ರಮ ಕರ್ನಾಟಕದಲ್ಲಿದೆ. ಇವರ ಮಟ್ಟಿಗೆ ಆ ಏಳು ದಿನ ಕಾಯುವುದೂ ತಡವೇ. ಸಮಿತಿಯ ಅಥವಾ ನ್ಯಾಯಾಲಯದ ಹಾಜರಾತಿಗೆ ಹೋದ ದಿನಗಳ ಪತ್ರವನ್ನು ಸಮಾಜ ಕಾರ್ಯಕರ್ತರಿಂದ ಪಡೆದು ಕಡತದಲ್ಲಿಟ್ಟುಕೊಂಡರೆ ಮುಂದೆ ಹಾಜರಾತಿ ಕೊರತೆಯ ಪ್ರಶ್ನೆ ಎದ್ದಾಗ ನೆರವಾಗುತ್ತದೆ. ಆ ದಿನ ತಪ್ಪಿದ ಪಾಠವನ್ನು ಮರುದಿನ ಯಾರು ಹೇಳಿಕೊಡುತ್ತಾರೆಂಬುದೂ ಗೊತ್ತಿರಬೇಕು. ನ್ಯಾಯಾಲಯದಿಂದ ಬಂದ ಮರುದಿನವೇ ಕಿರುಪರೀಕ್ಷೆ ಬರೆಸುವುದು ಬೇಡ.

ಶಿಕ್ಷಕರ ಬಳಿ ಇರುವಷ್ಟು ಮಾಹಿತಿ ಯಾವ ಅಧಿಕಾರಿಯ ಬಳಿಯೂ ಇರುವುದಿಲ್ಲ, ಆದರೆ ಅದು ಬರಹಕ್ಕೆ ಇಳಿಯುವುದು ಅಪರೂಪ. ಹೊಣೆಗಾರ ಶಿಕ್ಷಕರು ಒಂದು ಟಿಪ್ಪಣಿ ಪುಸ್ತಕವಿಟ್ಟು ಕಂಡದ್ದನ್ನು ಕಂಡಂತೆ, ದಿನಾಂಕ, ವೇಳೆಗಳೊಂದಿಗೆ ಬರೆಯಬೇಕು. “ಮನೆಯಲ್ಲಿ ಊಟ ಸರಿಯಿಲ್ಲ” ಎಂದು ಬರೆದರೆ ಅದು ಶಿಕ್ಷಕರ ಊಹೆ. “ಜುಲೈ 8, ಮಧ್ಯಾಹ್ನ: ಬಿಸಿಯೂಟದ ಮೊಟ್ಟೆಯನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು, ಕೇಳಿದಾಗ ತಮ್ಮನಿಗೆ ಎಂದಳು” ಎಂದು ಬರೆದರೆ ಸಮಾಜ ಕಾರ್ಯಕರ್ತರು ಅದನ್ನು ಹಿಡಿದು ಮನೆಗೆ ಹೋಗಿ ನೋಡಬಲ್ಲರು, ಸಮಿತಿಯ ಮುಂದೆ ಇಡಬಲ್ಲರು. ಸಂಜೆ ಗಂಟೆ ಬಾರಿಸಿದರೂ ಹೊರಡಲು ಒಪ್ಪದಿರುವುದು, ಕೈಯಲ್ಲಿ ಮತ್ತೆ ಗ್ರೀಸ್ ಕಲೆ ಕಾಣಿಸುವುದು, ಸೆಕೆಯಲ್ಲೂ ತೋಳು ಮುಚ್ಚಿಕೊಳ್ಳುವುದು, ಗುರುತಿಲ್ಲದವರು ಕರೆದೊಯ್ಯಲು ಬರುವುದು ಇಂಥವೆಲ್ಲ ಬರೆಯಬೇಕಾದ ಸಂಗತಿಗಳೇ. ಒಳ್ಳೆಯದನ್ನೂ ಬರೆಯಬೇಕು: ಮೊದಲ ಬಾರಿ ಕೈಯೆತ್ತಿ ಉತ್ತರ ಹೇಳಿದ್ದು, ಕಬಡ್ಡಿ ತಂಡಕ್ಕೆ ಸೇರಿದ್ದು. ಮಗುವಿನ ಪಾಲನೆ ಮುಂದೆ ಹೇಗಿರಬೇಕೆಂದು ಸಿದ್ಧಪಡಿಸುವ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಶಿಕ್ಷಣಕ್ಕೂ ಜಾಗವಿದೆ. ಅದರ ಪರಿಶೀಲನೆಯ ಹೊತ್ತಿಗೆ ಶಾಲೆಯಿಂದ ಒಂದು ಪುಟದ ವರದಿ ಹೋದರೆ ಮಗುವಿನ ಮುಂದಿನ ನಿರ್ಧಾರಕ್ಕೆ ಶಾಲೆಯ ದನಿಯೂ ಸೇರುತ್ತದೆ.

ಬೇಸಿಗೆ ರಜೆ ಪ್ರತ್ಯೇಕ ಎಚ್ಚರಿಕೆಯ ಕಾಲ. ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಶಿಕ್ಷಕರ ಕಣ್ಣು ತಪ್ಪುತ್ತದೆ, ಅಕ್ಷಯ ತೃತೀಯದ ಆಸುಪಾಸಿನಲ್ಲಿ ಮದುವೆಗಳು ನಡೆಯುತ್ತವೆ, ದೊಡ್ಡವರ ಜೊತೆ ಮಕ್ಕಳೂ ದುಡಿಮೆಗೆ ಹೊರಡುತ್ತಾರೆ. ಕೊನೆಯ ಪರೀಕ್ಷೆ ಮುಗಿಯುವ ಮೊದಲೇ ಯಾವ ಯಾವ ಮಕ್ಕಳ ಬಗ್ಗೆ ಆತಂಕವಿದೆಯೆಂದು ಸಮಾಜ ಕಾರ್ಯಕರ್ತರಿಗೆ ಬರೆದು ತಿಳಿಸಿ, ರಜೆಯ ನಡುವೆ ಒಮ್ಮೆ ಮನೆ ಭೇಟಿ ಮಾಡುವಂತೆ ಕೋರಬೇಕು. ಶಾಲೆ ಮತ್ತೆ ತೆರೆದ ಮೊದಲ ದಿನವೇ ಆ ಮಕ್ಕಳು ಬಂದರೋ ಇಲ್ಲವೋ ನೋಡಬೇಕು.

ಮಗು ಹೊಸದೇನಾದರೂ ಹೇಳಿದಾಗ

ನಂಬಿಕೆ ಬೆಳೆದ ಮೇಲೆ ಮಗು ಶಿಕ್ಷಕರ ಬಳಿ ಈವರೆಗೆ ಯಾರಿಗೂ ಹೇಳದ್ದನ್ನು ಹೇಳಬಹುದು. ಆಗ ಗಾಬರಿ ತೋರಿಸದೆ, ನಡುವೆ ಬಾಯಿ ಹಾಕದೆ ಕೇಳಿಸಿಕೊಂಡು, “ನೀನು ಹೇಳಿದ್ದು ಒಳ್ಳೇದಾಯ್ತು ಪುಟ್ಟಾ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ” ಎಂದರೆ ಸಾಕು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು. ಸಹಾಯ ಮಾಡಬಲ್ಲ ಒಬ್ಬಿಬ್ಬರಿಗೆ ಮಾತ್ರ ಹೇಳುತ್ತೇನೆಂದು ಪ್ರಾಮಾಣಿಕವಾಗಿ ತಿಳಿಸಬೇಕು. ಮತ್ತೆ ಮತ್ತೆ ಕೆದಕುವುದು, ಆರೋಪಿತ ವ್ಯಕ್ತಿಯನ್ನು ಕರೆಸಿ ಎದುರುಬದುರು ಕೂರಿಸುವುದು, ಊರ ಹಿರಿಯರ ಪಂಚಾಯಿತಿಗೆ ಒಯ್ಯುವುದು, ಇವೆಲ್ಲ ಪ್ರಕರಣವನ್ನೂ ಮಗುವನ್ನೂ ಕೆಡಿಸುತ್ತವೆ. ಮಗು ಬಳಸಿದ ಪದಗಳಲ್ಲೇ ಮಾತನ್ನು ಅಂದೇ ಬರೆದಿಡಬೇಕು.

ಲೈಂಗಿಕ ದೌರ್ಜನ್ಯದ ವಿಷಯವಾದರೆ ಪೋಕ್ಸೊ ಕಾಯ್ದೆ 2012ರ ಸೆಕ್ಷನ್ 19ರಂತೆ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸುವುದು ಗೊತ್ತಿದ್ದ ಪ್ರತಿಯೊಬ್ಬರ ಕರ್ತವ್ಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ತನ್ನ ಕೈಕೆಳಗಿನವರು ಎಸಗಿದ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಗಾರಿಕೆಯೂ ಬರುವುದಿಲ್ಲವೆಂದು ಅದೇ ಸೆಕ್ಷನ್ ಹೇಳುತ್ತದೆ. ಹಿಂಜರಿಯುವ ಶಿಕ್ಷಕರಿಗೆ ಈ ಭಾಗವನ್ನು ಮುಖ್ಯ ಶಿಕ್ಷಕರು ಓದಿ ಹೇಳಬೇಕು. ಪೊಲೀಸರು ಹೇಳಿಕೆ ಪಡೆಯಲು ಸಮವಸ್ತ್ರದಲ್ಲಿ ಬರುವಂತಿಲ್ಲ. ಅವರು ಶಾಲೆಗೇ ಬಂದು ಮಗುವನ್ನು ಎಲ್ಲರೆದುರು ಹೊರಗೆ ಕರೆಸದಂತೆ ನೋಡಿಕೊಳ್ಳುವುದು ಮುಖ್ಯ ಶಿಕ್ಷಕರ ಕೆಲಸ.

ಮನೆಯವರೊಂದಿಗೆ

ಈ ಮಕ್ಕಳಲ್ಲಿ ಹಲವರು ತಾಯಿಯ, ಅಜ್ಜಿಯ, ಸೋದರಮಾವನ ಮನೆಯಲ್ಲಿ ಬೆಳೆಯುತ್ತಿರುತ್ತಾರೆ. ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಬೇಕೆಂಬುದು ಬಾಲನ್ಯಾಯ ಕಾಯ್ದೆಯ ಮೂಲ ತತ್ವಗಳಲ್ಲೊಂದು, ಹಾಗಾಗಿ ಕುಟುಂಬವನ್ನು ಗಟ್ಟಿಮಾಡುವುದರಲ್ಲಿ ಶಾಲೆಗೂ ಪಾಲಿದೆ. ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ರೂಪಿಸಿದ ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ವಿಧವೆಯರ, ಗಂಡ ಬಿಟ್ಟುಹೋದವರ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥರು, ತೀವ್ರ ಕಾಯಿಲೆಯ ತಂದೆತಾಯಿಯರ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮಾಂತರದಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಎಷ್ಟೋ ತಾಯಂದಿರಿಗೆ ಇದು ಗೊತ್ತೇ ಇಲ್ಲ. ಗೊತ್ತಾದವರೂ ವ್ಯಾಸಂಗ ಪ್ರಮಾಣಪತ್ರಕ್ಕಾಗಿ ಕೂಲಿ ಬಿಟ್ಟು ಎರಡು ಮೂರು ಸಲ ಅಲೆಯುತ್ತಾರೆ. ಅದನ್ನು ಕೇಳಿದ ದಿನವೇ ಕೊಡುವುದು ಶಾಲೆ ಮಾಡಬಹುದಾದ ಅತಿ ಸುಲಭದ ಉಪಕಾರ.

ಅಜ್ಜಿಯನ್ನು ಶಾಲೆಗೆ ಕರೆಸಿ ದೂರುಗಳನ್ನು ಒಂದೇ ಸಮನೆ ಹೇಳುವ ಬದಲು, “ಕೂತ್ಕೊಳ್ಳಿ ಅಜ್ಜಿ, ಹುಡುಗ ಲೆಕ್ಕದಲ್ಲಿ ಚುರುಕಾಗಿದ್ದಾನೆ” ಎಂದು ಶುರುಮಾಡಿದರೆ ಉಳಿದ ಮಾತು ಕಿವಿಗೆ ಬೀಳುತ್ತದೆ. ಸಮಾಜ ಕಾರ್ಯಕರ್ತರು ಮಗುವನ್ನು ಕಿತ್ತುಕೊಂಡು ಹೋಗುತ್ತಾರೆಂಬ ಭಯ ಈ ಮನೆಗಳಲ್ಲಿ ಸಾಮಾನ್ಯ. ಅವರು ಬರುವುದು ಯಾಕೆಂದು ಸರಳವಾಗಿ ತಿಳಿಸಿ ಹೇಳಬೇಕಾದದ್ದೂ ಶಿಕ್ಷಕರೇ. ಯಾರು ಮಗುವನ್ನು ಭೇಟಿ ಮಾಡಬಾರದೆಂದು ಸಮಿತಿಯ ಆದೇಶದಲ್ಲಿದೆಯೋ ಅವರು ತಂದೆಯೇ ಆಗಿದ್ದರೂ ಗೇಟಿನಲ್ಲೇ ತಡೆಯಬೇಕು, ಮತ್ತು ಕೂಡಲೇ ಸಮಾಜ ಕಾರ್ಯಕರ್ತರಿಗೆ ಕರೆ ಮಾಡಬೇಕು.

ಮಗು ಬೇರೆಡೆಗೆ ಹೋಗುವಾಗ

ಸಮಿತಿಯ ಆದೇಶದಂತೆ ಮಗು ಕುಟುಂಬಕ್ಕೆ ಮರಳಬಹುದು, ಬೇರೆ ಜಿಲ್ಲೆಗೆ ಹೋಗಬಹುದು, ತಾತ್ಕಾಲಿಕ ಪೋಷಕತ್ವದ ಮನೆಗೆ ಸೇರಬಹುದು. ನಿರ್ಧಾರವಾದ ದಿನವೇ ಟಿಸಿ ಸಿದ್ಧಪಡಿಸಿ, ಹೊಸ ಶಾಲೆಯ ಮುಖ್ಯ ಶಿಕ್ಷಕರಿಗೆ ಒಂದು ಕರೆ ಮಾಡಬೇಕು. ಎಲ್ಲಿಯವರೆಗೆ ಪಾಠವಾಗಿದೆ, ಏನು ಇಷ್ಟ, ಏನು ಭಯ ಎಂಬಷ್ಟನ್ನು ತಿಳಿಸಬೇಕು. ಪ್ರಕರಣದ ವಿವರವನ್ನು ಸಮಾಜ ಕಾರ್ಯಕರ್ತರ ಮೂಲಕವೇ ಹೋಗಲು ಬಿಡಬೇಕು. ಶೈಕ್ಷಣಿಕ ವರ್ಷ ಮುಗಿಯಲು ಕೆಲವೇ ವಾರಗಳಿದ್ದರೆ, ಮಗುವಿನ ಸುರಕ್ಷತೆಗೆ ತೊಂದರೆಯಿಲ್ಲದ ಪಕ್ಷದಲ್ಲಿ, ಪರೀಕ್ಷೆ ಮುಗಿಯುವವರೆಗೆ ಸ್ಥಳಾಂತರವನ್ನು ಮುಂದೂಡುವಂತೆ ಶಾಲೆ ಸಮಿತಿಗೆ ಮನವಿ ಬರೆಯಬಹುದು. ಹೆಚ್ಚಿನ ಶಾಲೆಗಳು ಹೀಗೆ ಬರೆಯುವುದೇ ಇಲ್ಲ. ಊರವರ ಮಾತಿಗೋ ಶಾಲೆಯ ಹೆಸರಿಗೋ ಹೆದರಿ ತಾವಾಗಿಯೇ ಟಿಸಿ ಕೈಗಿಟ್ಟು ಕಳುಹಿಸುವುದಂತೂ ಯಾವ ಕಾರಣಕ್ಕೂ ಒಪ್ಪತಕ್ಕದ್ದಲ್ಲ.

ಬಾಲಮಂದಿರದಲ್ಲಿ ಹದಿನೆಂಟು ತುಂಬುವ ಮಗುವಿಗೆ 21ರವರೆಗೆ ಅನುಪಾಲನೆಯ (ಸಂಸ್ಥೆ ಬಿಟ್ಟ ಮೇಲಿನ ಆಸರೆಯ) ನೆರವು ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ಪಿಯುಸಿಯೋ ಐಟಿಐಯೋ ಎಂಬ ಆಯ್ಕೆಯ ಹೊತ್ತಿಗೆ ಪ್ರೌಢಶಾಲೆಯ ಶಿಕ್ಷಕರು ಆ ವಿಷಯವನ್ನು ಎತ್ತಿದರೆ ಅರ್ಜಿ ಸಕಾಲಕ್ಕೆ ಹೋಗುತ್ತದೆ.

ಉತ್ತರ ಬರದಿದ್ದಾಗ

ಸಮಾಜ ಕಾರ್ಯಕರ್ತರು ಬದಲಾಗುತ್ತಾರೆ, ಹುದ್ದೆ ಖಾಲಿ ಬೀಳುತ್ತದೆ, ಕರೆಗೆ ಉತ್ತರ ಸಿಗುವುದಿಲ್ಲ. ಆಗ ಅಲ್ಲಿಗೇ ಬಿಡದೆ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಬೇಕು. ಅಲ್ಲೂ ಚಲನೆಯಿಲ್ಲದಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೆ ನೇರವಾಗಿ ಬರೆಯಬಹುದು, ಬಿಇಒ ಅವರಿಗೆ ಪ್ರತಿ ಇರಲಿ. ಮಗು ಅಪಾಯದಲ್ಲಿದೆ ಎಂದು ಕಂಡ ಕ್ಷಣ ಪತ್ರ ಬರೆಯುತ್ತ ಕೂರುವಂತಿಲ್ಲ: ಹಗಲಿರುಳೂ ಉಚಿತವಾಗಿ ಸಿಗುವ 1098 ಮಕ್ಕಳ ಸಹಾಯವಾಣಿಗೆ ಅಥವಾ 112ಕ್ಕೆ ಕರೆ ಮಾಡಿ, ಸಹಾಯ ಬರುವವರೆಗೆ ಮಗುವನ್ನು ಶಾಲೆಯಲ್ಲೇ ಇಬ್ಬರು ಶಿಕ್ಷಕರ ಜೊತೆಯಲ್ಲಿ ಉಳಿಸಿಕೊಂಡು, ಕರೆ ಮಾಡಿದ ವೇಳೆಯನ್ನೂ ಮಾತಾಡಿದವರ ಹೆಸರನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಬೇಕು.